ಟಾಕೀಜಿನ ರೊಟ್ಟಿ ಪಾಳಿ

೭ ಸೆಪ್ಟೆಂಬರ್ ೨೦೨೫, ರವಿವಾರ

ಅರ್ಜಿಯಲ್ಲಿ ಬರೆಯದೆ ಬಿಟ್ಟ ಮಾತನ್ನು ಇಲ್ಲಿಯೂ ಬಿಟ್ಟುಬಿಡುವವಳಿದ್ದೆ. ನನ್ನೊಬ್ಬಳಿಗಾಗಿ ಬರೆದುಕೊಳ್ಳುವಾಗಲೂ ಕೈ ಹಿಂದೆ ಸರಿಯಿತು. ಬರೆದುಬಿಡುತ್ತೇನೆ. ಚಂದ್ರಮೌಳಿ ಟಾಕೀಜಿನೊಳಗೆ ಗುಲಾಬಬಿ ಎಂಬ ಮುದುಕಿ ಇದ್ದಾಳೆ. ಟಾಕೀಜು ಖಾಲಿ ಇದೆ, ಒಳಗೆ ಯಾರೂ ವಾಸವಿಲ್ಲ, ಕೆಡವಿರಿ ಎಂದು ನಾನು ನಿನ್ನೆ ನಗರಸಭೆಗೆ ಅರ್ಜಿ ಬರೆದುಕೊಟ್ಟಿದ್ದೇನೆ.

ನಿನ್ನೆ ಸಂಜೆ ಕಾಶಪ್ಪ ಕಾಕಾನ ಕಟ್ಟೆಗೆ ಓಣಿಯವರೆಲ್ಲ ಬಂದಿದ್ದರು. ಇಳಕಲ್ಲಿನಲ್ಲಿ ನಾಲ್ಕು ಜನ ಸೇರಿದರೆ ಮೊದಲು ಸೀರೆ ವ್ಯಾಪಾರದ ಮಾತು ಬರುತ್ತದೆ. ನಿನ್ನೆ ಅದೂ ಬರಲಿಲ್ಲ. ಟಾಕೀಜು ಮುಚ್ಚಿ ಹದಿನೈದು ವರ್ಷದ ಮೇಲಾಯಿತು. ಮಾಲಕರ ಮಕ್ಕಳಿಬ್ಬರು ಸೊಲ್ಲಾಪುರದಲ್ಲಿ ಕೂತು ಒಬ್ಬರ ಮೇಲೊಬ್ಬರು ದಾವೆ ಹಾಕಿಕೊಂಡಿದ್ದಾರೆ. ಫೋನು ಮಾಡಿದರೆ ಇವನು ಅವನನ್ನು ಕೇಳಿ ಎನ್ನುತ್ತಾನೆ, ಅವನು ಇವನನ್ನು. ಮಾಡಿನ ತಗಡು ಕುಸಿದು, ಪರದೆಯ ಮುಂದಿನ ತಗ್ಗಿನಲ್ಲಿ ಮಳೆನೀರು ಕೆರೆಯಂತೆ ನಿಂತಿದೆ. ಓಣಿಯ ಕಡೆಯ ಗೋಡೆ ಹೊಟ್ಟೆ ಬಿಟ್ಟಿದೆ. ಆ ಬಾಜು ನಡೆಯಬೇಡಿ ಎಂದು ಮಕ್ಕಳಿಗೆ ಬೈಯುವುದೇ ನಮಗೆ ಒಂದು ಕೆಲಸ. ಹಿಂದುಗಡೆ ಕುಡುಕರು. ಹಾವು. ಈ ವರ್ಷ ಡೆಂಗಿ.

ಡೆಂಗಿ ಎಂದ ಕೂಡಲೇ ಎಲ್ಲರ ಕಣ್ಣು ಹಿಂದಕ್ಕೆ ಹೊರಳಿತು. ಮಹಾದೇವಿ ಹೆಂಗಸರ ಹಿಂದೆ, ಬಾಗಿಲಿಗೆ ಒರಗಿ ಕೂತಿದ್ದಳು. ನಮ್ಮ ಎದುರು ಮನೆಯವಳು. ನೇಕಾರರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಾಳೆ. ಆಕೆಯ ಮಗಳು ತೀರಿಕೊಂಡು ಇನ್ನೂ ತಿಂಗಳು ತುಂಬಿಲ್ಲ. ಐದನೆಯ ಇಯತ್ತೆ. ಸಂಜೆ ನನ್ನ ಹತ್ತಿರ ಇಂಗ್ಲಿಷ್ ಹೇಳಿಸಿಕೊಳ್ಳಲು ಬರುತ್ತಿದ್ದಳು. ಬಾಗಲಕೋಟೆಯ ದವಾಖಾನೆಯಿಂದ ನೇರವಾಗಿ ಬಾದಾಮಿ ಹತ್ತಿರದ ಅವರ ಹಳ್ಳಿಗೇ ಒಯ್ದು ಮಣ್ಣು ಮಾಡಿದರು. ಈ ಓಣಿಗೆ ಆಕೆ ಮರಳಿ ಬರಲೇ ಇಲ್ಲ.

“ಟೀಚರ್, ನೀವು ಇಂಗ್ಲಿಷಿನ್ಯಾಗ ಬರೀರಿ,” ಎಂದರು ಕಾಶಪ್ಪ ಕಾಕಾ. “ಕನ್ನಡದ ಅರ್ಜಿ ಮ್ಯಾಲ ಚಾದ ಕಪ್ಪ ಇಡ್ತಾರ. ಇಂಗ್ಲಿಷ್ ಇದ್ರ ಯಾರರ ಒಬ್ರು ಓದಿಸಿ ಕೇಳ್ತಾರ.”

ಗುಲಾಬಬಿಯ ಮಾತು ತೆಗೆದವಳು ನಾನೇ.

“ಆಕಿ ಹೆಸರು ಬರದ್ರ ಮುಗೀತು,” ಎಂದರು ಕಾಕಾ. “ಒಳಗ ಮಂದಿ ಅದಾರ ಅಂತ ಮಾಲಕರು ಅದನ್ನ ಹಿಡಕೊಂಡು ಇನ್ನೊಂದು ದಾವೆ ಹಾಕ್ತಾರ. ಹೋದ ಸಲದ ಅರ್ಜಿಗೆ ಹಂಗ ಆತು. ಖಾಲಿ ಐತಿ ಅಂತ ಬರೀರಿ. ಮುಂದ ಆಕಿನ್ನ ನಾವು ಬಿಟ್ಟುಬಿಡ್ತೇವೇನು? ಇಷ್ಟು ವರ್ಷ ರೊಟ್ಟಿ ಹಾಕಿದವರು ಯಾರ್ರಿ?”

ಅದೂ ಖರೆ. ಗುಲಾಬಬಿಗೆ ಈ ಓಣಿ ಪಾಳಿಯ ಮೇಲೆ ರೊಟ್ಟಿ ಕೊಡುತ್ತದೆ. ಮಂಗಳವಾರ ನಮ್ಮ ಮನೆ, ಶುಕ್ರವಾರ ಮಹಾದೇವಿಯ ಮನೆ, ಸೋಮವಾರ ಕಾಕಾನ ಮನೆ, ಹೀಗೆ ವಾರ ತುಂಬುತ್ತದೆ. ಟಾಕೀಜು ಮುಚ್ಚಿದ ವರ್ಷ ನಮ್ಮ ಅತ್ತೆ ಶಿವಬಸವ್ವ ಶುರುಮಾಡಿದ್ದಂತೆ. ರೊಟ್ಟಿ ಕೊಡುವ ಪ್ರತಿ ಮನೆಯವರೂ ನಿನ್ನೆ ಒಳಗೆ ಯಾರೂ ಇಲ್ಲ ಎಂಬುದಕ್ಕೆ ಸಹಿ ಮಾಡಿದರು. ನಮ್ಮ ಮನೆಯಿಂದ ನಾನು ಮಾಡಿದೆ. ಮಹಾದೇವಿ ಪೆನ್ನನ್ನು ಒತ್ತಿ ಒತ್ತಿ ಬರೆದಳು. ಕೆಳಗಿನ ಹಾಳೆಯ ಮೇಲೂ ಆಕೆಯ ಹೆಸರು ಮೂಡಿತು.

ಇಂಗ್ಲಿಷಿನಲ್ಲಿ ಆ ಸಾಲು ಬರೆಯುವಾಗ ನನ್ನ ಪೆನ್ನು ನಿಲ್ಲಲಿಲ್ಲ. ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಕಲಿತ, ಸರಳ, ಸ್ವಚ್ಛ ಸಾಲು. ಕನ್ನಡದಲ್ಲಾದರೆ ನಿಲ್ಲುತ್ತಿತ್ತೇ? ಹೇಳಲಾರೆ. ನಿಲ್ಲುತ್ತಿತ್ತು ಎಂದು ಹೇಳಿಕೊಂಡರೆ ನನಗೆ ಹಿತ, ಅಷ್ಟೆ.

೯ ಸೆಪ್ಟೆಂಬರ್, ಮಂಗಳವಾರ

ನಮ್ಮ ಪಾಳಿ. ಅತ್ತೆಯವರಿಗೆ ಮೊಣಕಾಲು ಬಾತಿದೆ, ನಾನೇ ಒಯ್ದೆ.

ಹೆಂಗಸರ ಬಾಗಿಲಿನಿಂದ ಹೋಗಬೇಕು. ಗೋಡೆಯ ಮೇಲೆ ‘ಸ್ತ್ರೀಯರಿಗೆ’ ಎಂಬ ಬಣ್ಣದ ಅಕ್ಷರ ಇನ್ನೂ ಇದೆ. ಮೆಟ್ಟಿಲು ನಮ್ಮೂರ ಕೆಂಪು ಕಲ್ಲಿನವು. ಅವು ಮಾತ್ರ ಏನೂ ಆಗದೆ ಹೊಳೆಯುತ್ತಿವೆ. ಒಳಗೆ ಎಡಕ್ಕೆ, ಹಿಂದೆ ಹೆಂಗಸರ ಟಿಕೆಟು ಕೊಡುತ್ತಿದ್ದ ಖೋಲಿಯಲ್ಲಿ ಮುದುಕಿ ಇರುತ್ತಾಳೆ. ಬಾಗಿಲ ಬಾಜು ಒಂದು ನೀಲಿ ಬ್ಯಾರಲ್. ಮಾಡಿನ ನೀರು ಅದರಲ್ಲಿ ಬೀಳುತ್ತದೆ. ಮುಚ್ಚಳ ಇಲ್ಲ.

“ಯಾರು, ಸಣ್ಣಾಕಿ ಏನು?”

“ಅಲ್ಲ ಚಾಚಿ, ಸುನಂದಾ. ಸಂತೋಷಕುಮಾರನ ಹೆಂಡ್ತಿ.”

“ಹೂಂ. ನಿನ್ನ ಚಪ್ಪಲಿ ಸಪ್ಪಳನ ಬ್ಯಾರೆ, ಸಾಹೇಬರ ಗತೆ. ಶೇಂಗಾ ಹಿಂಡಿ ತಂದೀಯೋ, ಬರೇ ಪಲ್ಯನೋ?”

ಡಬ್ಬಿ ಬಿಚ್ಚಿ ಪುಂಡಿಪಲ್ಯ ನಾಲಿಗೆಗೆ ಹಚ್ಚಿ ನೋಡಿದಳು. “ನಿಮ್ಮ ಅತ್ತಿ ಕೈ ಉಪ್ಪಿನ ಗಡಿಗಿ ಆಗೇತಿ. ಆಕಿ ಹೊಸದಾಗಿ ಗಂಡನ ಮನಿಗೆ ನಡೀಲಿಕ್ಕೆ ಬಂದಾಗಿಂದ ಹೇಳೇನಿ. ಕೇಳವಲ್ಲಳು.”

ಧನ್ಯವಾದ ಎಂಬುದು ಈಕೆಯ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ. ಟಾಕೀಜು ನಡೆಯುವಾಗ ಹೆಂಗಸರ ಬಾಗಿಲು ಕಾಯುವುದು ಈಕೆಯ ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿತ್ತು. ಪಿಚ್ಚರು ನಡೆಯುವಾಗ ಕೂಸು ಅತ್ತರೆ ತಾಯಂದಿರು ಅದನ್ನು ಕೈಯಿಂದ ಕೈಗೆ ದಾಟಿಸಿ ಬಾಗಿಲಿಗೆ ಕಳಿಸುತ್ತಿದ್ದರು. ಗುಲಾಬಬಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲ ಮೇಲೆ ಅಡ್ಡಾಡುತ್ತಿದ್ದಳು. ಓಣಿಯಲ್ಲಿ ನನ್ನ ವಯಸ್ಸಿನ ಯಾರನ್ನು ಕೇಳಿದರೂ ಆ ಹೆಗಲ ಮೇಲೆ ಅತ್ತವರೇ. ನನ್ನ ಗಂಡ ಅತ್ತಿದ್ದಾರೆ. ಮಹಾದೇವಿಯ ಗಂಡ ಬೀರೇಶ ಅತ್ತಿದ್ದಾನೆ.

ಹೊರಡುವಾಗ ಕೇಳಿದಳು. “ಸಣ್ಣಾಕಿ ಯಾಕ ಬರವಲ್ಲಳು? ಶುಕ್ರವಾರ ಅವರಪ್ಪ ಡಬ್ಬಿ ಇಟ್ಟು ಮಾತಿಲ್ದ ಹೋದ. ನನಗ ಎಬಿಸಿಡಿ ಕಲಸ್ತೇನಿ ಅಂತಿದ್ಲು, ನಾ ಒಲ್ಲೆ ಅಂದೆ. ಅದಕ್ಕ ಸಿಟ್ಟಾಗ್ಯಾಳೇನು?”

ಆಗ ತಿಳಿಯಿತು. ಮಹಾದೇವಿಯ ಮಗಳು ಹೋದ ಸುದ್ದಿಯನ್ನು ಯಾರೂ ಈಕೆಗೆ ಹೇಳಿಲ್ಲ. ಹಳ್ಳಿಯಲ್ಲಿ ಮಣ್ಣಾಯಿತು, ಓಣಿಯಲ್ಲಿ ಅಳು ಎದ್ದಿಲ್ಲ. ಈಕೆ ಮೆಟ್ಟಿಲು ಇಳಿಯುವುದಿಲ್ಲ. ಡಬ್ಬಿ ಒಯ್ದವರೆಲ್ಲ ಇನ್ನೊಬ್ಬರು ಹೇಳಿರಬೇಕು ಎಂದುಕೊಂಡಿದ್ದಾರೆ.

“ಪರೀಕ್ಷಾ ಅದಾವ, ಚಾಚಿ,” ಎಂದೆ.

“ಮುಗದ ಮ್ಯಾಲ ಕಳಸು.”

೧೮ ಸೆಪ್ಟೆಂಬರ್, ಗುರುವಾರ

ಎರಡು ದಿನದಿಂದ ಮಳೆ. ಟಾಕೀಜಿನ ಗೋಡೆಯಿಂದ ಗಾರೆಯ ಒಂದು ದೊಡ್ಡ ಚಕ್ಕೆ ಓಣಿಗೆ ಬಿತ್ತು. ಹಾಲಿನವನು ಆಗತಾನೇ ದಾಟಿ ಹೋಗಿದ್ದ, ಉಳಿದ.

ಸಂಜೆ ಪಾಠ ಮತ್ತೆ ಶುರುಮಾಡಿದ್ದೇನೆ. ಮಹಾದೇವಿಯ ಮಗಳು ಕೂರುತ್ತಿದ್ದ ಗಿಡ್ಡ ಸ್ಟೂಲಿನ ಮೇಲೆ ಬೇರೆ ಹುಡುಗಿ ಕೂತಳು. ಅನ್ನುವುದೇನು, ಅದು ಸ್ಟೂಲು. ಪಾಠ ಮುಗಿದ ಮೇಲೆ ಅದನ್ನು ಅಟ್ಟಕ್ಕೆ ಹಾಕಿದೆ.

ಎದುರು ಮನೆಯಲ್ಲಿ ರಾಟಿಯ ಸಪ್ಪಳ ಇಲ್ಲ. ಮಹಾದೇವಿ ದಿನಕ್ಕೊಮ್ಮೆ ಬಾಗಿಲಿಗೆ ಬಂದು ಕೇಳುತ್ತಾಳೆ, “ಉತ್ತರ ಬಂತೇನ್ರಿ ಅಕ್ಕಾರ?” ಇಲ್ಲ ಎಂದರೆ ಹೋಗುತ್ತಾಳೆ.

೨೮ ಸೆಪ್ಟೆಂಬರ್, ರವಿವಾರ

ಉತ್ತರ ಬಂದಿಲ್ಲ. ಮಹಾದೇವಿ ಇವತ್ತು ಎರಡು ಸಲ ಬಂದಳು.

೬ ಅಕ್ಟೋಬರ್, ಸೋಮವಾರ

ಬಂತು. ಹದಿನೈದನೆಯ ತಾರೀಖು, ಬುಧವಾರ, ಸ್ಥಳ ಪರಿಶೀಲನೆ. ಕಟ್ಟಡ ಖಾಲಿ ಇದ್ದದ್ದು ಖಾತ್ರಿಯಾದರೆ ಕೆಡವುವ ಆದೇಶಕ್ಕೆ ಮುಂದೆ ಕಳಿಸುತ್ತಾರಂತೆ.

ಕಾಗದವನ್ನು ಮೊದಲು ಮಹಾದೇವಿಗೆ ಓದಿ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ಕೇಳಿದಳು. “ಕೆಡವೂ ದಿನ ನಾ ನಿಂತು ನೋಡ್ತೇನ್ರಿ ಅಕ್ಕಾರ. ಮೊದಲನೆ ಇಟ್ಟಂಗಿಯಿಂದ ಕಡೀ ಇಟ್ಟಂಗಿ ತನಕ.”

ಸಂಜೆ ಮತ್ತೆ ಕಾಕಾನ ಕಟ್ಟೆ. ಹದಿನೈದಕ್ಕೆ ಚಾಚಿಯನ್ನು ಏನು ಮಾಡುವುದು?

“ಒಂದು ದಿನದ ಮಾತು,” ಎಂದರು ಕಾಕಾ. “ಎಲ್ಲಿಗರ ಕರಕೊಂಡು ಹೋದ್ರ ಆತು. ಬನಶಂಕರಿಗೆ?”

“ಆಕಿ ಬನಶಂಕರಿಗೆ ಯಾಕ ಬರ್ತಾಳೋ?” ಎಂದರು ನಮ್ಮ ಅತ್ತೆ. “ನಿನಗ ದೇವರ ನೆಪ ಬಿಟ್ರ ಬ್ಯಾರೆ ಹೊಳ್ಯೂದುಲ್ಲೇನು?”

ಎಲ್ಲರೂ ನಕ್ಕರು. ಆ ನಗೆಯ ನಡುವೆ ನಾನು ಹೇಳಿದೆ: ಕಣ್ಣು ಮಂಜಾಗಿವೆ, ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನಗೆ ಪರಿಚಯದ ಕಣ್ಣಿನ ಡಾಕ್ಟರ್ ಇದ್ದಾರೆ, ನಾನು ರಜೆ ಹಾಕಿ ಕರೆದೊಯ್ಯುತ್ತೇನೆ.

ಎಲ್ಲರಿಗೂ ಒಪ್ಪಿಗೆಯಾಯಿತು. ಕಣ್ಣು ತೋರಿಸುವುದು ಒಳ್ಳೆಯ ಕೆಲಸವೇ ಅಲ್ಲವೇ. ಈ ಸಾಲನ್ನು ಬರೆದು ಸ್ವಲ್ಪ ಹೊತ್ತು ನೋಡಿದೆ. ಒಳ್ಳೆಯ ಕೆಲಸಕ್ಕೆ ತಾರೀಖು ಯಾರು ಕೊಟ್ಟರು ಎಂದು ಕೇಳಿಕೊಳ್ಳದಿದ್ದರೆ ಒಳ್ಳೆಯ ಕೆಲಸವೇ.

೧೫ ಅಕ್ಟೋಬರ್, ಬುಧವಾರ

ಬೆಳಿಗ್ಗೆ ಹೋದಾಗ ಗುಲಾಬಬಿ ತಯಾರಾಗಿ ಕೂತಿದ್ದಳು. ಕೆಂಪು ಸೆರಗಿನ ಹಳೆಯ ಇಳಕಲ್ಲ ಸೀರೆ. ಒಂದು ಪಿಚ್ಚರು ನೂರು ದಿನ ಓಡಿದಾಗ ಮಾಲಕರು ಕೊಟ್ಟದ್ದಂತೆ. ಮೆಟ್ಟಿಲು ಇಳಿಯುವಾಗ ನನ್ನ ಕೈಯನ್ನು ಹಿಡಿಯಲಿಲ್ಲ, ಹೆಗಲನ್ನು ಹಿಡಿದಳು. ಓಣಿಯ ಬಾಗಿಲುಗಳಲ್ಲೆಲ್ಲ ಹೆಂಗಸರು. ಎಲ್ಲರೂ ಎಂದಿಗಿಂತ ಜೋರಾಗಿ, ಎಂದಿಗಿಂತ ಅಕ್ಕರೆಯಿಂದ ಮಾತಾಡಿಸಿದರು.

“ಏನ್ರೇ ಇದು,” ಎಂದಳು. “ಹಜ್ಜಿಗೆ ಹೊಂಟೇನೇನು ನಾ?”

ಬಸ್ಸಿನಲ್ಲಿ ಕಿಟಕಿಯ ಸೀಟೇ ಬೇಕು ಎಂದಳು. ಕಾಣುವುದಿಲ್ಲ, ಆದರೂ. ಹುನಗುಂದ ದಾಟುವಾಗ ಅಕ್ಕನ ಮಗ ಅಯೂಬ ಇಲ್ಲೇ ಇದ್ದಾನೆಂದು ಕೈ ತೋರಿಸಿದಳು. ಬೇರೆ ದಿಕ್ಕಿಗೆ ತೋರಿಸಿದಳು. ಅಮೀನಗಡದಲ್ಲಿ ಕರದಂಟಿನವರು ಕಿಟಕಿಗೆ ಬಂದರು. ಸೆರಗಿನ ಗಂಟು ಬಿಚ್ಚಿ ಒಂದು ಪೊಟ್ಟಣ ಕೊಂಡಳು.

“ಸಣ್ಣಾಕಿಗೆ. ಪರೀಕ್ಷಾ ಮುಗೀತಿಲ್ಲೋ? ನೀನ ಕೊಡು. ನನ್ನ ಮ್ಯಾಲ ಸಿಟ್ಟಿದ್ರ ನನ್ನ ಕೈಲೆ ತಗೊಳ್ಳೂದುಲ್ಲ ಆಕಿ.”

ಪೊಟ್ಟಣವನ್ನು ಚೀಲದಲ್ಲಿ ಇಟ್ಟುಕೊಂಡೆ. ಆಗ ಹೇಳಬಹುದಿತ್ತು. ಬಸ್ಸಿನಲ್ಲಿ ಜನ ಇದ್ದರು. ಜನ ಇಲ್ಲದಿದ್ದರೆ ಹೇಳುತ್ತಿದ್ದೆನೇ?

ಡಾಕ್ಟರು ಎರಡೂ ಕಣ್ಣಿಗೆ ಪೊರೆ ಎಂದರು. ಬಲಗಣ್ಣಿಗೆ ಕತ್ತರಿ ಹಾಕಿದರೆ ಚೆನ್ನಾಗಿ ಕಾಣುತ್ತದೆ, ತಡ ಮಾಡಬೇಡಿ.

“ಕಂಡು ಏನ್ ಮಾಡ್ಲಿ ಸಾಹೇಬ್ರ? ಅಲ್ಲೇನ ಪಿಚ್ಚರ್ ಹಾಕ್ತೀರೇನು?”

ಡಾಕ್ಟರು ನಕ್ಕರು. ನನಗೂ ನಗು ಬಂತು. ಎಷ್ಟೋ ದಿನದ ಮೇಲೆ.

ಖಾನಾವಳಿಯಲ್ಲಿ ಊಟ ಮಾಡಿಸಿದೆ. ಪಲ್ಯಕ್ಕೆ ಉಪ್ಪು ಕಮ್ಮಿ ಎಂದಳು. ಮರಳಿ ಬರುವಾಗ, ಬಿಸಿಲು ಇಳಿಯುವ ಹೊತ್ತಿಗೆ, ತಾನಾಗಿಯೇ ಹೇಳಿದಳು. “ಟಾಕೀಜ್ ಮುಚ್ಚೂ ದಿನ ಮಾಲಕರು ನನಗ ಅವರ ಹೆಂಡ್ತಿ ಕೂಡ ಕೂಡಲಸಂಗಮಕ್ಕ ಕಳಿಸಿದ್ರು. ಮೊಮ್ಮಗ ಭಾಳ ಅಳತಾನ, ನೀ ಎತಗೊ ಅಂತ. ಭಾಳ ಛಲೋ ಊಟ ಹಾಕಿಸಿದ್ರು. ಸಂಜಿಗೆ ಹೊಳ್ಳಿ ಬಂದ್ರ ಮಷೀನ್ ಇಲ್ಲ, ಕುರ್ಚಿ ಇಲ್ಲ. ಎಲ್ಲಾ ಲಾರಿಗೆ ಹಾಕ್ಕೊಂಡು ಹೋಗ್ಯಾರ. ನಾ ಅಳ್ತೇನಿ ಅಂತ ಕಳಿಸಿದ್ರಂತ.”

ಸೆರಗಿನ ಗಂಟು ಬಿಗಿದುಕೊಂಡು, “ನೀನೂ ಇವತ್ತ ಛಲೋ ಊಟ ಹಾಕಿಸಿದಿ,” ಎಂದಳು.

ನಾನು ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಕೂತೆ.

ಖೋಲಿಯ ಬಾಗಿಲಿಗೆ ಬೀಗ ಬಿದ್ದಿತ್ತು. ಪರಿಶೀಲನೆಗೆ ಬಂದವರು ಹಾಕಿದ್ದಲ್ಲ. ನಮ್ಮದೇ. ಅವರು ಬರುವ ಮೊದಲು ಕಾಕಾ ಹಾಸಿಗೆ, ಒಲೆ, ಪಾತ್ರೆ ಎಲ್ಲ ತೆಗೆಸಿ, ಗಂಟು ಕಟ್ಟಿಸಿ ತಮ್ಮ ಮನೆಯಲ್ಲಿ ಇಡಿಸಿದ್ದರು. ಖಾಲಿ ಎಂದು ಬರೆದುಕೊಂಡು ಹೋದರಂತೆ. ಇನ್ನೊಮ್ಮೆ ಬಂದರೂ ಬರಬಹುದು ಎಂದು ಬೀಗ.

ಚಾಚಿ ಬೀಗವನ್ನು ಬೆರಳಿನಿಂದ ಮುಟ್ಟಿ ನೋಡಿದಳು. “ಹೊಸಾದು,” ಎಂದಳು.

“ಎಂಟು ದಿನ ಚಾಚಿ, ಎಂಟು ದಿನದ ಮಾತು,” ಎಂದರು ಕಾಕಾ.

ಆಕೆ ಕೆಂಪು ಮೆಟ್ಟಿಲ ಮೇಲೆ ಕೂತಳು. ಸಿಟ್ಟಾಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಅಷ್ಟು ಅಕ್ಕರೆಯಿಂದ ಮಾತಾಡಿಸಿದ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡಿದರು. ರೊಟ್ಟಿಗೆ ಪಾಳಿ ಇತ್ತು. ಹಾಸಿಗೆಗೆ ಇರಲಿಲ್ಲ. ಮಹಾದೇವಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಡೆಗೆ ನಮ್ಮ ಅತ್ತೆ ಕೋಲು ಊರಿಕೊಂಡು ಬಂದು ನಿಂತರು. “ಏ ಗುಲಾಬಿ, ಏಳ. ನಮ್ಮ ಮನಿಗೆ ನಡಿ. ಉಪ್ಪು ಕಮ್ಮಿ ಹಾಕೇನಿ.”

೧೬ ಅಕ್ಟೋಬರ್, ಗುರುವಾರ

ಚಾಚಿ ಪಡಸಾಲೆಯಲ್ಲಿ ಮಲಗಿದ್ದಳು. ಮುಂಜಾನೆ ಎದ್ದು ಗಂಟು ತರಿಸಿಕೊಂಡಳು. ಅಯೂಬನಿಗೆ ಫೋನು ಮಾಡು ಎಂದಳು. ಇರು ಎಂದೆ. ಅತ್ತೆಯವರೂ ಇರು ಎಂದರು.

“ವಾರಕ್ಕೊಮ್ಮೆ ಆದ್ರ ನಾ ನಿಮಗ ಪಾಳಿ,” ಎಂದಳು. “ದಿನಾ ಆದ್ರ ಭಾರ.”

ಅಯೂಬ ಆಟೋ ತಂದ. ಐವತ್ತು ದಾಟಿದ, ಮೃದು ಮಾತಿನ ಮನುಷ್ಯ. ಯಾರನ್ನೂ ಏನೂ ಕೇಳಲಿಲ್ಲ. ನೀಲಿ ಬ್ಯಾರಲ್ಲನ್ನೂ ಒಯ್ಯಬೇಕು ಎಂದು ಚಾಚಿ ಹಟ ಹಿಡಿದಳು. ಆಟೋದಲ್ಲಿ ಜಾಗ ಇರಲಿಲ್ಲ. ಅದು ಅಲ್ಲೇ ಉಳಿಯಿತು.

೨೧ ಅಕ್ಟೋಬರ್, ಮಂಗಳವಾರ, ಅಮಾವಾಸ್ಯೆ

ಹಬ್ಬ. ಅತ್ತೆಯವರು ಹೋಳಿಗೆಯ ಜೊತೆ ಎರಡು ರೊಟ್ಟಿಯನ್ನೂ ಬಡಿದರು. ಯಾರಿಗೆ ಎಂದು ನಾನು ಕೇಳಲಿಲ್ಲ. ಬಟ್ಟೆಯಲ್ಲಿ ಸುತ್ತಿ ಇಟ್ಟು, ಆಮೇಲೆ ನೆನಪಾಗಿ, ಅಲ್ಲೇ ಕೂತರು.

ಕರದಂಟಿನ ಪೊಟ್ಟಣ ನನ್ನ ಶಾಲೆಯ ಚೀಲದಲ್ಲೇ ಇದೆ. ದಿನಾ ಹೊರುತ್ತೇನೆ.

೨೬ ಅಕ್ಟೋಬರ್, ರವಿವಾರ

ಹುನಗುಂದಕ್ಕೆ ಹೋಗಿದ್ದೆ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತು ಮಾಡಲು ಎಂದು ಮನೆಯಲ್ಲಿ ಹೇಳಿದೆ. ನನಗೂ ಹಾಗೆಯೇ ಹೇಳಿಕೊಂಡೆ.

ಅಯೂಬನ ಮನೆ ಎರಡೇ ಖೋಲಿ. ಚಾಚಿ ಅಂಗಳದಲ್ಲಿ ಅಯೂಬನ ಮೊಮ್ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಆ ಗೋಡೆಯಿಂದ ಈ ಗೋಡೆಗೆ ಅಡ್ಡಾಡುತ್ತಿದ್ದಳು.

“ಬಾ, ಸಾಹೇಬರ ಚಪ್ಪಲಿ. ನೋಡು, ಹಳೇ ನೌಕರಿ ಸಿಕ್ಕೇತಿ. ಪಗಾರ ಇಲ್ಲ.” ಅಯೂಬನ ಹೆಂಡತಿ ನರ್ಗೀಸ ಒಳಗಿಂದ, “ಊಟಕ್ಕ ದಿನಾ ಹೆಸರಿಡ್ತಾರ್ರಿ, ಅದೇ ಪಗಾರ,” ಎಂದಳು.

ಚಹಾ ಬಂತು. ಚಾಚಿ ಕೇಳಿದಳು. “ಕರದಂಟು ಕೊಟ್ಟೇನು? ಏನಂದ್ಲು?”

ನಾನು ಚೀಲದಿಂದ ಪೊಟ್ಟಣ ತೆಗೆದು ಆಕೆಯ ಕೈಯಲ್ಲಿ ಇಟ್ಟೆ. ಬೆರಳಾಡಿಸಿದಳು. ಅದೇ ದಾರ, ಅದೇ ಗಂಟು ಎಂದು ತಿಳಿಯಿತು.

“ಸಿಂಚನಾ ಇಲ್ಲ, ಚಾಚಿ.”

ಅಡ್ಡಾಡುವುದನ್ನು ನಿಲ್ಲಿಸಿದಳು. ಕೂಸನ್ನು ನರ್ಗೀಸಳ ಕೈಗೆ ಕೊಟ್ಟಳು. ಕೆಳಗೆ ಕೂತಳು.

“ಯಾವಾಗ?”

“ಆಗಸ್ಟಿನ್ಯಾಗ. ಡೆಂಗಿ ಜ್ವರ.”

“ಪರೀಕ್ಷಾ ಅಂದಿ ನೀ.”

“ಹೌದು.”

ಎಲ್ಲವನ್ನೂ ಹೇಳಿದೆ. ಅರ್ಜಿ, ಸಹಿ, ಖಾಲಿ ಎಂದು ಬರೆದದ್ದು, ಬಾಗಲಕೋಟೆ. ಆಕೆ ಅದನ್ನು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. “ನನ್ನ ಬ್ಯಾರಲ್ಲಿನ್ಯಾಗ ಹುಳಾ ಇದ್ವು,” ಎಂದಳು. “ಆಕಿ ಬಗ್ಗಿ ಬಗ್ಗಿ ನೋಡ್ತಿದ್ಲು. ಚಾಚಿ, ಸಣ್ಣ ಸಣ್ಣ ಹುಳಾ ಕುಣ್ಯಾಕತ್ತಾವ, ಬಾ ನೋಡು ಅಂತಿದ್ಲು. ನನಗ ಎಲ್ಲಿ ಕಾಣಬೇಕು. ಕುಣೀಲಿ ಬಿಡು ಅಂತಿದ್ದೆ.”

ತಗ್ಗಿನ ನೀರೂ ಇತ್ತು, ಊರ ತುಂಬ ನೀರು ನಿಂತಿತ್ತು, ಯಾವ ಸೊಳ್ಳೆ ಎಂದು ಯಾರಿಗೂ ಹೇಳಲಾಗುವುದಿಲ್ಲ ಎಂದೆ. ಅದು ನಿಜವೂ ಹೌದು. ನಿಜದಿಂದ ಆಕೆಗೆ ಏನೂ ಆಗಲಿಲ್ಲ.

“ಕೆಡವ್ರಿ ಅದನ್ನ,” ಎಂದಳು. “ಪೂರಾ ಕೆಡವ್ರಿ.”

ನಾನು ಏಳುವಾಗ ಪೊಟ್ಟಣವನ್ನು ಮರಳಿ ಕೊಟ್ಟಳು. “ಮಹಾದೇವಿಗೆ ಕೊಡು.” ಆಮೇಲೆ, ಜ್ಞಾಪಿಸಿಕೊಂಡವಳಂತೆ, “ಒಳಗ ಯಾರೂ ಇರಲಿಲ್ಲ ಅಂತ ಬರದೇನಿ ಅಂದೆಲ್ಲ. ಮತ್ತ ಸಣ್ಣಾಕಿ ರೊಟ್ಟಿ ಯಾರಿಗೆ ಒಯ್ತಿದ್ಲು?”

ಬಸ್ ಸ್ಟ್ಯಾಂಡಿನಲ್ಲಿ ಬಹಳ ಹೊತ್ತು ಕೂತೆ. ಇಳಕಲ್ಲಿನ ಬಸ್ಸುಗಳು ಬಂದು ಹೋದವು.

೩೦ ಅಕ್ಟೋಬರ್, ಗುರುವಾರ

ಕೆಡವುವ ಆದೇಶ ನವೆಂಬರ್ ಎರಡನೆಯ ವಾರಕ್ಕೆ ಬರುತ್ತದೆಂದು ಕಾಶಪ್ಪ ಕಾಕಾ ಪೇಡೆ ಹಂಚಿದರು. ನಾನು ಪೇಡೆ ತೆಗೆದುಕೊಂಡೆ, ಮತ್ತು ಹೇಳಿದೆ. ಒಳಗೆ ಒಬ್ಬರು ಇದ್ದರು ಎಂದು ಬರೆದು ಕಳಿಸುತ್ತೇನೆ. ಕಟ್ಟಡ ಕೆಡವಲಿ. ಚಾಚಿಗೂ ಎಲ್ಲಾದರೂ ಒಂದು ಖೋಲಿ ಕೊಡಲಿ.

ಕಾಕಾ ಸಿಟ್ಟಾಗಲಿಲ್ಲ. ದಣಿದವರಂತೆ ಕಂಡರು. “ಟೀಚರ್, ನೀವು ಈಗ ಬರದ್ರ ಆ ಫೈಲು ಅಲ್ಲೇ ಕೂಡ್ತದ. ಗ್ವಾಡಿ ಅಲ್ಲೇ ನಿಲ್ತದ. ಮುಂದಿನ ಮಳಿಗೆ ಯಾರ ಹುಡುಗನ ಮ್ಯಾಲರ ಬಿದ್ರ, ಅವರವ್ವನ ಮುಂದ ನೀವ ಹೋಗಿ ನಿಲ್ಲಬೇಕು. ನಾ ಬರೂದುಲ್ಲ.”

ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ಮನೆಗೆ ಬಂದೆ.

ರಾತ್ರಿ ಊಟಕ್ಕೆ ಕೂತಾಗ ಇವರು, “ನಾಳೆ ಯಾರೂ ನಮ್ಮ ಮನಿಗೆ ಬರೂದುಲ್ಲ, ತಿಳ್ಕೊ,” ಎಂದರು. ರೊಟ್ಟಿ ಮುರಿಯುತ್ತ, “ಆಕಿ ಹೆಗಲ ಮ್ಯಾಲ ನಾ ಉಚ್ಚಿ ಹೊಯ್ದದ್ದು ಅವ್ವ ಇನ್ನೂ ಹೇಳ್ತಾಳ,” ಎಂದರು. ಬರೆ ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ.

೧ ನವೆಂಬರ್ ೨೦೨೫, ಶನಿವಾರ

ಶಾಲೆಯಲ್ಲಿ ಧ್ವಜ ಏರಿಸಿ, ಮಕ್ಕಳಿಗೆ ಪೆಪ್ಪರಮಿಂಟು ಕೊಟ್ಟು ಬೇಗ ಬಿಟ್ಟರು. ಮನೆಗೆ ಬರದೆ ನೇರವಾಗಿ ಎದುರು ಮನೆಗೆ ಹೋದೆ.

ಮಹಾದೇವಿ ರಾಟಿಯ ಮುಂದೆ ಕೂತಿದ್ದಳು. ಸುತ್ತುತ್ತಿರಲಿಲ್ಲ. ನೂಲು ಕೈಯಲ್ಲಿ ಸುಮ್ಮನೆ ಇತ್ತು. ಪೊಟ್ಟಣವನ್ನು ಮುಂದೆ ಇಟ್ಟು, ಯಾರು ಕೊಂಡದ್ದು, ಯಾರಿಗೆ ಎಂದು ಹೇಳಿದೆ. ಚಾಚಿಗೆ ಯಾರೂ ಹೇಳಿರಲಿಲ್ಲ ಎಂದೂ ಹೇಳಿದೆ. ಬ್ಯಾರಲ್ಲಿನ ಮಾತು ಹೇಳಲಿಲ್ಲ. ಅದನ್ನು ಹೇಳುವುದು ಚಾಚಿಯ ಪಾಲಿನ ಕೆಲಸ, ನನ್ನದಲ್ಲ ಎಂದುಕೊಂಡೆ. ಇದೂ ಒಂದು ಬಿಟ್ಟ ಮಾತೇ ಇರಬಹುದು.

ಮಹಾದೇವಿ ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

“ನಾನ ಕಳಿಸ್ತಿದ್ದೆ,” ಎಂದಳು. “ನನಗ ಕೆಲಸ ಇರ್ತಿತ್ತು. ಶುಕ್ರವಾರ ಸಾಲಿ ಬಿಟ್ಟು ಬಂದ ಕೂಡಲೇ ಡಬ್ಬಿ ಕೈಯಾಗ ಕೊಡ್ತಿದ್ದೆ. ಒಮ್ಮೊಮ್ಮೆ ನಿಮ್ಮ ಮನಿಗೆ ಬರೂದು ತಡ ಆಗ್ತಿತ್ತಲ್ಲ, ಅದು ಅಲ್ಲೇ ಕೂತು ಮಾತಾಡ್ಕೊಂತ. ನಾ ಬೈದೇನಿ ಆಕಿಗೆ, ಏನ್ ಆ ಮುದುಕಿ ಕೂಡ ನಿನಗ ಅಷ್ಟು ಮಾತು ಅಂತ.” ನೂಲನ್ನು ಬೆರಳಿಗೆ ಸುತ್ತಿಕೊಂಡಳು. “ಅಲ್ಲಿ ಯಾರೂ ಇರಲಿಲ್ಲ ಅಂದ್ರ ನಾ ಕಳಿಸೇ ಇಲ್ಲ ಅಂದಂಗ ಆಕ್ಕೇತಿ ಅಕ್ಕಾರ. ಅದಕ್ಕ ಸಹಿ ಮಾಡಿದೆ ನಾ. ಮನಸ್ಸು ಒಂದೀಟು ಹಗುರ ಆತು.”

ನಾನು ಆಕೆಯ ಕೈ ಹಿಡಿದೆ. ಹಿಡಿಯಲು ಬಿಟ್ಟಳು, ಅಷ್ಟೆ.

“ಬರೀತೇನಿ ಅಂದ್ರಂತ,” ಎಂದಳು. “ಕಾಕಾ ಹೇಳಿದ.”

“ನೀ ಬ್ಯಾಡ ಅಂದ್ರ ಬರಿಯೂದುಲ್ಲ.”

ಇದನ್ನು ಹೇಳಿದಾಗ ನಾನು ಮನಸ್ಸಿನಿಂದಲೇ ಹೇಳಿದ್ದೆ. ಅದು ಧೈರ್ಯವಲ್ಲ, ನನ್ನ ಭಾರವನ್ನು ಆಕೆಯ ಮೇಲೆ ಇಟ್ಟದ್ದು ಎಂದು ಈಗ ಅನಿಸುತ್ತಿದೆ.

ಮಹಾದೇವಿ ದಾರದ ಗಂಟು ಬಿಚ್ಚಿದಳು. ಕರದಂಟು ಗಟ್ಟಿಯಾಗಿತ್ತು. ಕಲ್ಲಿನ ಮೇಲೆ ಇಟ್ಟು ಒಡೆದು ಒಂದು ಚೂರು ನನ್ನ ಕೈಗೆ ಹಾಕಿದಳು. ತಾನು ತಿನ್ನಲಿಲ್ಲ.

“ಬರೀರಿ,” ಎಂದಳು. “ನನ್ನ ಸಹಿ ಮಾತ್ರ ಕೇಳಬ್ಯಾಡ್ರಿ, ನಾ ಹಾಕೂದುಲ್ಲ. ಆ ಗ್ವಾಡಿ ಬೀಳೂದನ್ನ ನಾ ನೋಡಬೇಕು.” ನಾನು ಬಾಗಿಲ ತನಕ ಬಂದ ಮೇಲೆ ಹಿಂದಿನಿಂದ ಕೇಳಿಸಿತು. “ಬರದ್ರ ಆಕಿ ಹೆಸರೂ ಬರೀರಿ. ಶುಕ್ರವಾರ ರೊಟ್ಟಿ ಒಯ್ತಿದ್ದಾಕಿ ಸಿಂಚನಾ ಅಂತ ಬರೀರಿ.”

ಮಧ್ಯಾಹ್ನದಿಂದ ಬರೆಯುತ್ತಿದ್ದೇನೆ. ಕನ್ನಡದಲ್ಲಿ. ನಾಲ್ಕು ಸಲ ಹರಿದೆ. ಕಚೇರಿಗೆ ಬರೆಯುವ ಕನ್ನಡ ನನಗೆ ಅಷ್ಟಾಗಿ ಬರುವುದಿಲ್ಲ. ಕಡೆಗೆ ಮಾತಾಡುವಂತೆಯೇ ಬರೆದೆ. ಚಾದ ಕಪ್ಪು ಇಡುತ್ತಾರೋ ಏನೋ.

‘ಚಂದ್ರಮೌಳಿ ಟಾಕೀಜು ಖಾಲಿ ಇದೆ ಎಂದು ನಾನು ಬರೆದದ್ದು ಸುಳ್ಳು. ಹೆಂಗಸರ ಟಿಕೆಟಿನ ಖೋಲಿಯಲ್ಲಿ ಗುಲಾಬಬಿ ಎಂಬವರು ಟಾಕೀಜು ಮುಚ್ಚಿದ ದಿನದಿಂದ ಇದ್ದರು. ಪರಿಶೀಲನೆಯ ದಿನ ಅವರನ್ನು ಊರಿನಿಂದ ಹೊರಗೆ ಕರೆದುಕೊಂಡು ಹೋದವಳು ನಾನೇ. ನಮ್ಮ ಓಣಿಯವರು ಪಾಳಿಯ ಮೇಲೆ ಅವರಿಗೆ ರೊಟ್ಟಿ ಕೊಡುತ್ತಿದ್ದೆವು. ಶುಕ್ರವಾರದ ರೊಟ್ಟಿಯನ್ನು ಸಿಂಚನಾ ಬೀರೇಶ, ಐದನೆಯ ಇಯತ್ತೆ, ಒಯ್ಯುತ್ತಿದ್ದಳು. ಆಕೆ ಈಗ ಇಲ್ಲ. ಕಟ್ಟಡವನ್ನು ದಯವಿಟ್ಟು ಕೆಡವಿರಿ. ಅಲ್ಲಿ ಇದ್ದವರಿಗೆ ಇರಲು ಜಾಗ ಕೊಡಿರಿ.’

ಕೆಳಗೆ ಒಂದೇ ಸಹಿ. ಅತ್ತೆಯವರು ಓದಿಸಿ ಕೇಳಿ ಹೆಬ್ಬೆಟ್ಟು ಮುಂದೆ ಮಾಡಿದರು, ಈಗ ಎರಡು.

ನಾಳೆ ರವಿವಾರ. ಸೋಮವಾರ, ೩ ನವೆಂಬರ್ ೨೦೨೫, ಶಾಲೆಗೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ.